ಅಳಿಯನ ಕಾಲ್ಗುಣ

ನಿನ್ನೆ ಬೆಳಿಗ್ಗೆ ಕಾಫಿ ಲೋಟಕ್ಕೆ ಕೈ ಹಾಕುವ ಮುನ್ನವೇ ಮೈಸೂರಿನಿಂದ ಮಾವನವರು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಕಳುಹಿಸಿದ್ದರು. ಇಪ್ಪತ್ತಮೂರು ಮಂದಿಯಿರುವ ಆ ಗುಂಪಿನಲ್ಲಿ ನಮಗೆ ಬೆಳಗಾಗುವ ಹೊತ್ತಿಗೆ ಬರುವುದು ಹೆಚ್ಚಾಗಿ ಗುಲಾಬಿ ಹೂವಿನ ಮೇಲೆ ಬರೆದ ಶುಭರಾತ್ರಿ. ನಿನ್ನೆ ಬಂದದ್ದು ಹಾಗಿರಲಿಲ್ಲ. ಅದು ಅಳತೆಪಟ್ಟಿ ಹಿಡಿದು ಗೆರೆ ಎಳೆದ ಒಂದು ಪುಸ್ತಕದ ಪುಟ. ಅದರಲ್ಲಿ ನಾಲ್ಕು ಅಂಕಣಗಳು: ದಿನಾಂಕ, ಎದುರಾಳಿ ತಂಡ, ಫಲಿತಾಂಶ, ಮತ್ತು 'ಅಳಿಯಂದಿರು ಇದ್ದ ಸ್ಥಳ'. ಕೊನೆಯಲ್ಲಿ ಕೆಂಪು ಶಾಯಿಯ ಮೊತ್ತ, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದು ಷರಾ: 'ಇದರಿಂದ ವಿಷಯ ಸ್ಪಷ್ಟ.' ಹತ್ತು ನಿಮಿಷಗಳೊಳಗೆ ಹದಿನೇಳು ಹೆಬ್ಬೆರಳುಗಳು ಎದ್ದು ನಿಂತವು. ಅವುಗಳಲ್ಲಿ ಒಂದು, ಅದೇ ಅಡುಗೆಮನೆಯಲ್ಲಿ ನನ್ನ ಎದುರಿಗೇ ನಿಂತು ದೋಸೆ ಹುಯ್ಯುತ್ತಿದ್ದ ನನ್ನ ಹೆಂಡತಿಯದು.

ಹಿನ್ನೆಲೆಯನ್ನು ತಿಳಿಸದಿದ್ದರೆ ಓದುಗರೂ ಹೆಬ್ಬೆರಳು ಎತ್ತಿಬಿಡುವ ಅಪಾಯವಿರುವುದರಿಂದ ಹೇಳಿಬಿಡುತ್ತೇನೆ. ನಾನು ಸಿಯಾಟಲ್ ಪಕ್ಕದ ಉಪನಗರವೊಂದರ ನಿವಾಸಿ, ಅಲ್ಲಿನ ಬೇಸ್‌ಬಾಲ್ ತಂಡವಾದ ಮ್ಯಾರಿನರ್ಸ್‌ನ ಅಭಿಮಾನಿ. 1977ರಲ್ಲಿ ಆಟಕ್ಕಿಳಿದ ಈ ತಂಡ, ಅಮೆರಿಕದ ಮೇಜರ್ ಲೀಗ್‌ನ 30 ತಂಡಗಳ ಪೈಕಿ ಇದುವರೆಗೆ ಒಮ್ಮೆಯೂ ವರ್ಲ್ಡ್ ಸೀರೀಸ್ ಎಂಬ ಅಂತಿಮ ಹಣಾಹಣಿಯ ಅಂಗಳಕ್ಕೆ ಕಾಲಿಡದ ಏಕೈಕ ತಂಡ. ಗೆಲ್ಲುವ ಮಾತಿರಲಿ, ಸೋಲುವುದಕ್ಕೂ ಅದು ಅಲ್ಲಿಗೆ ಹೋದದ್ದಿಲ್ಲ. ಹಾಗೆಂದು ಮೊದಲಿನಿಂದಲೂ ಕೈಲಾಗದ ತಂಡವೇನಲ್ಲ. 2001ರಲ್ಲಿ 162 ಪಂದ್ಯಗಳಲ್ಲಿ 116 ಗೆದ್ದು, 1906ರ ಶಿಕಾಗೋ ಕಬ್ಸ್ ತಂಡದ ಹೊರತು ಬೇರಾರೂ ಮುಟ್ಟದ ಎತ್ತರವನ್ನು ಮುಟ್ಟಿ, ಕೊನೆಯ ಮೆಟ್ಟಿಲಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಜಾರಿಬಿತ್ತು. ಅಂಥ ತಂಡಕ್ಕೆ ಇನ್ನೊಂದೇ ವರ್ಷ ಸಾಕೆಂದು ಊರಿನವರು ಅಂದುಕೊಂಡಿದ್ದರೆ ತಪ್ಪೇನೂ ಇರಲಿಲ್ಲ. 2002ರ ಜನವರಿಯಲ್ಲಿ, ಎರಡು ಸೂಟ್‌ಕೇಸು ಮತ್ತು ಒಂದು ಪ್ರೆಶರ್ ಕುಕ್ಕರಿನೊಂದಿಗೆ, ನಾನು ಆ ಊರಿಗೆ ಬಂದಿಳಿದೆ.

ಆ ವರ್ಷ ತಂಡ 93 ಪಂದ್ಯಗಳನ್ನು ಗೆದ್ದೂ ಪ್ಲೇಆಫ್‌ಗೆ ಹೋಗಲಿಲ್ಲ. ಮರುವರ್ಷವೂ 93 ಗೆದ್ದಿತು, ಮರುವರ್ಷವೂ ಹೋಗಲಿಲ್ಲ. 2004ರಲ್ಲಿ ತಂಡದ ಬ್ಯಾಟರ್ ಇಚಿರೊ ಒಂದೇ ಋತುವಿನಲ್ಲಿ 262 ಹಿಟ್‌ಗಳನ್ನು, ಅಂದರೆ ಔಟಾಗದೆ ಬೇಸ್ ಮುಟ್ಟಿಸುವ ಹೊಡೆತಗಳನ್ನು, ಹೊಡೆದು 1920ರಿಂದ ಅಲುಗಾಡದಿದ್ದ ದಾಖಲೆಯನ್ನು ಮುರಿದರೆ, ಅವರ ತಂಡ ಅದೇ ಋತುವಿನಲ್ಲಿ 99 ಪಂದ್ಯಗಳನ್ನು ಸೋತಿತು. 2012ರ ಆಗಸ್ಟಿನಲ್ಲಿ ತಂಡದ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಫೆಲಿಕ್ಸ್ ಹೆರ್ನಾಂಡೆಜ್ ಎದುರಾಳಿಗಳ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಮೊದಲ ಬೇಸ್ ಮುಟ್ಟಗೊಡದೆ ಪರಿಪೂರ್ಣ ಪಂದ್ಯವನ್ನು ಎಸೆದರು. ತಂಡ ಆ ವರ್ಷ ತನ್ನ ವಿಭಾಗದಲ್ಲಿ ಕಟ್ಟಕಡೆಗೆ ನಿಂತಿತು. ಹೀಗೆ ಇಪ್ಪತ್ತು ವರ್ಷಗಳು ಕಳೆದವು. ನಾನು ಇದನ್ನು ಕ್ರೀಡೆಯ ಏಳುಬೀಳು ಎಂದು ಭಾವಿಸಿ ನೆಮ್ಮದಿಯಾಗಿ ದುಃಖಿಸುತ್ತಿದ್ದೆ. ಮಾವನವರು ಇದಕ್ಕೊಂದು ಕಾರಣವನ್ನು ಕಂಡುಹಿಡಿದರು.

ಕಾಲ್ಗುಣವೆಂಬ ಈ ಆರೋಪ ನಮ್ಮ ಕಡೆ ತಲೆತಲಾಂತರದಿಂದ ಸೊಸೆಯಂದಿರ ಮೇಲೆ ಮಾತ್ರ ಬರುತ್ತಿತ್ತು. ಸೊಸೆ ಹೊಸ್ತಿಲು ದಾಟಿದ ವಾರಕ್ಕೆ ಎಮ್ಮೆ ಸತ್ತರೂ ಅವಳೇ ಕಾರಣ, ಬೋರ್‌ವೆಲ್‌ನಲ್ಲಿ ನೀರು ಬಿದ್ದರೂ ಅವಳೇ ಕಾರಣ. ಅದನ್ನು ಅಳಿಯನಿಗೂ ಅನ್ವಯಿಸಿದ ಸಮಾನತಾವಾದಿಯೆಂದು ಮಾವನವರನ್ನು ಮೆಚ್ಚಬಹುದಾಗಿತ್ತು, ಆ ಅಳಿಯ ಬೇರೆ ಯಾರಾದರೂ ಆಗಿದ್ದಿದ್ದರೆ.

ಈ ಸಂಶೋಧನೆ ನಡೆದದ್ದು 2022ರ ದಸರೆಯಲ್ಲಿ. ಬಹಳ ವರ್ಷಗಳ ಬಳಿಕ ಹಬ್ಬಕ್ಕೆ ಮೈಸೂರಿಗೆ ಹೋಗಿದ್ದೆ. ಅಕ್ಟೋಬರ್ 1ರ ಬೆಳಿಗ್ಗೆ ಮಾವನವರ ಮನೆಯ ಜಗುಲಿಯಲ್ಲಿ ಇಡ್ಲಿ ತಿನ್ನುತ್ತಿರುವಾಗ, ಸಿಯಾಟಲ್‌ನಲ್ಲಿ ಇನ್ನೂ ಹಿಂದಿನ ರಾತ್ರಿ, ಕ್ಯಾಲ್ ರಾಲಿ ಎಂಬ ಹುಡುಗ ಒಂಬತ್ತನೆಯ ಇನ್ನಿಂಗ್‌ನಲ್ಲಿ ಚೆಂಡನ್ನು ಗೋಡೆಯಾಚೆ ಹಾರಿಸಿ ತಂಡವನ್ನು 21 ವರ್ಷಗಳ ನಂತರ ಪ್ಲೇಆಫ್‌ಗೆ ಕರೆದೊಯ್ದ. ನಾನು ಇಡ್ಲಿಯನ್ನು ಕೈಬಿಟ್ಟು ಕುಣಿದೆ. ಮಾವನವರು ನಿಧಾನವಾಗಿ ಕನ್ನಡಕ ತೆಗೆದು, "ಅಂದ್ರೆ, ನೀವು ಊರಲ್ಲಿ ಇಲ್ದೇ ಇದ್ದಾಗ ಆಯ್ತು ಅನ್ನಿ," ಎಂದರು. ಆ ಮಾತನ್ನು ನಾನು ಆಗ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಓಡೋಡಿ ವಾಪಸು ಬಂದು, ಅಕ್ಟೋಬರ್ 15ರಂದು ದುಬಾರಿ ಟಿಕೆಟ್ ಕೊಂಡು ಕ್ರೀಡಾಂಗಣದಲ್ಲಿ ಕುಳಿತೆ. ಒಂಬತ್ತು ಇನ್ನಿಂಗ್‌ಗಳಿಗೆ ಮುಗಿಯಬೇಕಾದ ಹ್ಯೂಸ್ಟನ್ ವಿರುದ್ಧದ ಆ ಪಂದ್ಯ 18 ಇನ್ನಿಂಗ್‌ಗಳಷ್ಟು, ಅಂದರೆ 6 ಗಂಟೆ 22 ನಿಮಿಷಗಳ ಕಾಲ ನಡೆಯಿತು. ಅಷ್ಟು ಹೊತ್ತಿನಲ್ಲಿ ನನ್ನ ತಂಡ ಒಂದೇ ಒಂದು ರನ್ನನ್ನೂ ಗಳಿಸದೆ 1–0ಯಿಂದ ಸೋತಿತು. ಆ ವರ್ಷ ತಂಡಕ್ಕೆ ಅದೃಷ್ಟ ಬರಲೆಂದು ಬೂಟನ್ನು ಕಳಚಿ ತಲೆಯ ಮೇಲಿಟ್ಟುಕೊಳ್ಳುವ ಪದ್ಧತಿ ಅಭಿಮಾನಿಗಳಲ್ಲಿ ಹುಟ್ಟಿತ್ತು, ನಾನೂ ಇಟ್ಟುಕೊಂಡೆ. ರಾಮನ ಪಾದುಕೆಗಳನ್ನು ತಲೆಯ ಮೇಲೆ ಹೊತ್ತ ಭರತನಿಗೆ ರಾಜ್ಯಭಾರವಾದರೂ ದಕ್ಕಿತು, ನನಗೆ ಕತ್ತು ನೋವು ಬಂದಿತು. ಮೈಸೂರಿಗೆ ಫೋನ್ ಮಾಡಿದಾಗ ಮಾವನವರು ಫಲಿತಾಂಶವನ್ನು ಕೇಳಲೇ ಇಲ್ಲ. "ನೀವು ಹೋಗಿದ್ರಾ?" ಎಂದಷ್ಟೇ ಕೇಳಿದರು.

ಮಾವನವರು ಖಜಾನೆ ಇಲಾಖೆಯಿಂದ ನಿವೃತ್ತರಾದವರು. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡದೆ ಮೂವತ್ತಾರು ವರ್ಷ ಸೇವೆ ಸಲ್ಲಿಸಿದವರಿಗೆ ಅನುಮಾನ ಬಂದಮೇಲೆ ಲೆಕ್ಕ ಇಡದಿರಲು ಸಾಧ್ಯವೇ? 2025ರ ಮೇ ತಿಂಗಳಲ್ಲಿ ಅತ್ತೆಯವರೊಂದಿಗೆ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿಳಿದಾಗ, ಚಟ್ನಿಪುಡಿ, ಹುರಿಗಾಳು, ಮೊಮ್ಮಗಳಿಗೆ ಲಂಗದ ಬಟ್ಟೆ ಇವುಗಳ ನಡುವೆ ಆ ಗೆರೆ ಎಳೆದ ಪುಸ್ತಕವೂ ಪೆಟ್ಟಿಗೆಯಿಂದ ಹೊರಬಂದಿತು. ಬೇಸ್‌ಬಾಲ್ ಮೊದಲೇ ಅಂಕಿಅಂಶಗಳ ಆಟ. ಎಡಗೈ ಪಿಚರ್ ಎದುರು ಮಂಗಳವಾರ ಸಂಜೆ ಯಾರು ಹೇಗೆ ಆಡುತ್ತಾರೆಂಬುದಕ್ಕೂ ಇಲ್ಲಿ ಲೆಕ್ಕವುಂಟು. ಆದರೆ ಎಂಬತ್ತು ಮೈಲಿ ವೇಗದ ಚೆಂಡಿಗೂ ನನ್ನ ಸೋಫಾಕ್ಕೂ ಇರುವ ಸಂಬಂಧವನ್ನು ದಿನಾಂಕವಾರು ದಾಖಲಿಸಿದವರು ನನಗೆ ತಿಳಿದಂತೆ ಇವರೊಬ್ಬರೇ. ನಾನು ಸ್ನಾನಕ್ಕೆ ಹೋದರೆ 'ಸ್ನಾನ'. ಕಸದ ತೊಟ್ಟಿಯನ್ನು ರಸ್ತೆಯಂಚಿಗೆ ತಳ್ಳಲು ಹೋದರೆ 'ಬೀದಿ'. ಟಿ.ವಿ. ಎದುರು ಕುಳಿತಿದ್ದರೆ ಕೆಂಪು ಶಾಯಿಯಲ್ಲಿ 'ಹಾಜರ್'.

ಜೂನ್ 3ರಂದು ನನಗೆ ಒಂದು ಅಸ್ತ್ರ ಸಿಕ್ಕಿತ್ತು. ಹದಿನೆಂಟನೆಯ ಪ್ರಯತ್ನದಲ್ಲಿ ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕೊನೆಗೂ ಕಪ್ ಎತ್ತಿದಾಗ ನಮ್ಮ ಮನೆಯಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಎಲ್ಲರೂ ಅತ್ತು ನಗುತ್ತಿದ್ದೆವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ತೀರಿಕೊಂಡ ಸುದ್ದಿ ಬಂದಮೇಲೆ ಯಾರಿಗೂ ಮಾತು ಬೇಡವಾಗಿ, ಆ ಗೆಲುವಿನ ಪ್ರಸ್ತಾಪವನ್ನೇ ಹಲವು ದಿನ ಎತ್ತಲಿಲ್ಲ. ಆದರೆ ಜುಲೈನಲ್ಲಿ ಒಮ್ಮೆ ನನ್ನ ತಾಳ್ಮೆ ತಪ್ಪಿ ಕೇಳಿಯೇಬಿಟ್ಟೆ: "ಮಾವ, ಹದಿನೇಳು ವರ್ಷ ನೀವು ಕರ್ನಾಟಕದಲ್ಲೇ ಇದ್ರಿ, ಗೆಲ್ಲಲಿಲ್ಲ. ನೀವು ವಿಮಾನ ಹತ್ತಿದ ತಿಂಗಳಿಗೇ ಗೆದ್ರಲ್ಲ, ಇದನ್ನ ಯಾವ ಲೆಕ್ಕಕ್ಕೆ ಹಾಕೋಣ?" ಮಾವನವರು ಪುಸ್ತಕವನ್ನು ಮುಚ್ಚಿ, ಎರಡು ನಿಮಿಷ ಕಿಟಕಿಯಾಚೆ ನೋಡಿ, "ಅದು ಬೇರೆ ಇಲಾಖೆ," ಎಂದರು.

ಇಷ್ಟಾದರೂ ಅವರು ಮ್ಯಾರಿನರ್ಸ್ ಅನ್ನು ನನಗಿಂತ ಹೆಚ್ಚು ಹಚ್ಚಿಕೊಂಡರೆಂಬುದನ್ನು ಒಪ್ಪಿಕೊಳ್ಳಬೇಕು. ಚೆಂಡನ್ನು ಗೋಡೆಯಾಚೆ ಹಾರಿಸಿ ಹೋಮ್ ರನ್ ಹೊಡೆದವರು ಹಿಂತಿರುಗಿದಾಗ ಸಂಗಡಿಗರು ಕೈಗೆ ತ್ರಿಶೂಲವನ್ನು ಕೊಡುವುದನ್ನು ಕಂಡು ಅವರಿಗೆ ಭಕ್ತಿಯೇ ಉಕ್ಕಿತು. ತಂಡದ ಮೊದಲ ಲಾಂಛನದಲ್ಲಿ ಎಮ್ ಅಕ್ಷರ ಮೂಡಲೆಂದು ತ್ರಿಶೂಲವನ್ನು ಮೊನೆ ಕೆಳಗಾಗಿ ಬರೆದಿದ್ದರೆಂದು ಮೊಮ್ಮಗಳು ತೋರಿಸಿದಾಗ ತಲೆ ತಲೆ ಚಚ್ಚಿಕೊಂಡರು. ಕ್ಯಾಲ್ ರಾಲಿಗೆ ಸಹ ಆಟಗಾರನೊಬ್ಬ 'ಬಿಗ್ ಡಂಪರ್' ಎಂದು ಅಡ್ಡಹೆಸರಿಟ್ಟಿದ್ದು ಅವನ ದೇಹದ ಹಿಂಭಾಗದ ಗಾತ್ರವನ್ನು ಕಂಡು. ಅದನ್ನು ಮಾವನವರಿಗೆ ವಿವರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅವರು ಅದನ್ನು ಬಳ್ಳಾರಿಯ ಗಣಿಗಳಲ್ಲಿ ಅದಿರು ಹೊರುವ ಲಾರಿಯೆಂದು ತಿಳಿದು, "ಎಂಥ ಭಾರ ಹೊರ್ತಾನೆ ಪಾಪ, ಹೆಸರಿಗೆ ತಕ್ಕ ಹುಡುಗ," ಎಂದು ದಿನವೂ ಕೊಂಡಾಡುತ್ತಿದ್ದರು. ಆ ಡಂಪರ್ 2025ರಲ್ಲಿ ಹೊಡೆದದ್ದು 60 ಹೋಮ್ ರನ್. ಅದಕ್ಕೆ ಮೊದಲು, ಅವನಂತೆ ವಿಕೆಟ್‌ಕೀಪರಿನ ಜಾಗದಲ್ಲಿ ಕೂರುವ ಯಾವ ಕ್ಯಾಚರ್ ಕೂಡ ಒಂದು ಋತುವಿನಲ್ಲಿ 48ನ್ನು ದಾಟಿರಲಿಲ್ಲ.

ಸೆಪ್ಟೆಂಬರಿನಲ್ಲಿ ಇನ್ನೊಂದು ಘಟನೆ ನಡೆದು ನನ್ನ ವೈಜ್ಞಾನಿಕ ಮನೋಭಾವ ಮನೆಯಲ್ಲಿ ಪೂರ್ತಿಯಾಗಿ ಅಲ್ಪಮತಕ್ಕೆ ಕುಸಿಯಿತು. ಸೋಲುಗಳಿಂದ ಬೇಸತ್ತ ಅಭಿಮಾನಿಯೊಬ್ಬ ಅಂತರ್ಜಾಲದ ಮಾರುಕಟ್ಟೆಯಲ್ಲಿ ಮಾಟಗಾತಿಯೊಬ್ಬಳಿಗೆ ದುಡ್ಡು ಕೊಟ್ಟು ತಂಡದ ಹೆಸರಿನಲ್ಲಿ ಮಂತ್ರ ಹಾಕಿಸಿದ. ತಂಡ ಒಂದರ ಹಿಂದೊಂದರಂತೆ ಹತ್ತು ಪಂದ್ಯಗಳನ್ನು ಗೆದ್ದುಬಿಟ್ಟಿತು. ಸುದ್ದಿವಾಹಿನಿಗಳೆಲ್ಲ ಅದನ್ನು ನಗುನಗುತ್ತ ಹೇಳಿದವು. ಮಾವನವರು ಮಾತ್ರ ನಗಲಿಲ್ಲ. ಸೆಪ್ಟೆಂಬರ್ 24ರಂದು ತಂಡ 2001ರ ಬಳಿಕ ಮೊದಲ ಬಾರಿಗೆ ತನ್ನ ವಿಭಾಗದ ಪಟ್ಟವನ್ನು ಗೆದ್ದಾಗ ನಾನು ಕಚೇರಿಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆನೆಂಬುದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ, ಏಕೆಂದರೆ ಅದು ಪುಸ್ತಕದಲ್ಲಿದೆ.

ಇನ್ನು ಅಕ್ಟೋಬರ್ 20. ಟೊರಾಂಟೊ ತಂಡದ ವಿರುದ್ಧ ಏಳನೆಯ ಮತ್ತು ನಿರ್ಣಾಯಕ ಪಂದ್ಯ. ಗೆದ್ದರೆ 48 ವರ್ಷಗಳಲ್ಲಿ ಮೊದಲ ಬಾರಿಗೆ ವರ್ಲ್ಡ್ ಸೀರೀಸ್. ಅಂದೇ ದೀಪಾವಳಿ. ಸಂಜೆ ಐದು ಗಂಟೆಗೆ ಆಟ, ಆರು ದಾಟಿದ ಮೇಲೆ ಲಕ್ಷ್ಮೀಪೂಜೆ. ಆರಂಭದಲ್ಲಿ ನಾನು ಗ್ಯಾರೇಜಿನಲ್ಲಿ ಹಣತೆಗಳ ಪೆಟ್ಟಿಗೆಯನ್ನು ಹುಡುಕುತ್ತಿದ್ದೆ. ಒಳಗಿನಿಂದ ಚಪ್ಪಾಳೆ ಕೇಳಿಸಿತು, 1–0. ಪೆಟ್ಟಿಗೆಯನ್ನು ಹಿಡಿದು ಒಳಗೆ ಬಂದು "ಎಷ್ಟಾಯ್ತು?" ಎಂದು ಕೇಳಿದೆ, 1–1. ಮಾವನವರು ಎದ್ದು ನಿಂತು, ಕೈ ಮುಗಿಯುವುದೊಂದು ಬಾಕಿ ಎಂಬಂತೆ, "ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ, ಇವತ್ತೊಂದಿನ ನೀವು ಆ ಗ್ಯಾರೇಜಿನಲ್ಲೇ ಇದ್ಬಿಡಿ," ಎಂದರು. ನಾನು ಸಾಲ ಮಾಡಿ ಕೊಂಡ ಮನೆ, ನಾನೇ ಹಣ ಕಟ್ಟಿ ತರಿಸಿದ ಟಿ.ವಿ., ಇಪ್ಪತ್ತಮೂರು ವರ್ಷ ನಾನು ಸಾಕಿಕೊಂಡು ಬಂದ ತಂಡ. ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದೆ. ಅವಳು ನನಗೊಂದು ಬಟ್ಟಲು ಚಕ್ಕುಲಿಯನ್ನು ಕೊಟ್ಟು ಬಾಗಿಲನ್ನು ತೋರಿಸಿದಳು.

ಸೋನಾ ಮಸೂರಿ ಅಕ್ಕಿಯ ಚೀಲಗಳು, ಮಗಳು ಬೆಳೆದು ಬಿಟ್ಟ ಸೈಕಲ್ಲುಗಳು, ಮುರಿದ ಒಂದು ಹುಲ್ಲು ಕತ್ತರಿಸುವ ಯಂತ್ರ ಇವುಗಳ ನಡುವೆ ನಿಂತು ಚಕ್ಕುಲಿ ತಿನ್ನುವುದಕ್ಕೂ ಒಂದು ಮಿತಿಯುಂಟು. ಕಾರಿನೊಳಗೆ ಕುಳಿತು ರೇಡಿಯೊ ಹಾಕಿದೆ. ಎಷ್ಟೋ ವರ್ಷಗಳ ಮೇಲೆ ನಾನು ಪಂದ್ಯವನ್ನು ಕಿವಿಯಿಂದ ಕೇಳಿದ್ದು ಅಂದೇ. ಬಂದ ಮೊದಲ ವರ್ಷ, ಊರಿನಲ್ಲಿ ಯಾರ ಪರಿಚಯವೂ ಇಲ್ಲದ ದಿನಗಳಲ್ಲಿ, ಹಳೆಯ ಕಾರಿನ ರೇಡಿಯೊದಲ್ಲಿ ಡೇವ್ ನೀಹಾಸ್ ಅವರ ದನಿ ಸಂಜೆಗಳನ್ನು ತುಂಬುತ್ತಿತ್ತು. ತಂಡದ ಮೊಟ್ಟಮೊದಲ ಪಂದ್ಯದಿಂದ 2010ರಲ್ಲಿ ತಾವು ತೀರಿಕೊಳ್ಳುವವರೆಗೆ ವೀಕ್ಷಕ ವಿವರಣೆ ಕೊಟ್ಟವರು ಅವರು. ಆಗ ನನಗೆ ಆಟದ ನಿಯಮಗಳು ಅರ್ಧವೂ ಅರ್ಥವಾಗುತ್ತಿರಲಿಲ್ಲ. ಅವರು 'ಮೈ ಓ ಮೈ' ಎಂದು ಉದ್ಗರಿಸಿದರೆ ಏನೋ ಒಳ್ಳೆಯದಾಯಿತೆಂದು ತಿಳಿದುಕೊಳ್ಳುತ್ತಿದ್ದೆ. ಹಾಸನದಲ್ಲಿ ನನ್ನ ತಂದೆ ಟ್ರಾನ್ಸಿಸ್ಟರನ್ನು ಕಿವಿಗಾನಿಸಿಕೊಂಡು ರಣಜಿ ಪಂದ್ಯದ ವಿವರಣೆ ಕೇಳುವಾಗ ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೂ ಅರ್ಥವಾಗುತ್ತಿದ್ದುದು ಅಷ್ಟೇ. ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದ ಮೇಲೂ, ಒಳಗೆ ಕಾಯುವವರು ಯಾರೂ ಇಲ್ಲದ್ದರಿಂದ, ಇನ್ನಿಂಗ್ ಮುಗಿಯುವವರೆಗೆ ಕಾರಿನಲ್ಲೇ ಕುಳಿತಿರುತ್ತಿದ್ದೆ. ನಾನು ಇಲ್ಲಿಗೆ ಬಂದದ್ದರಿಂದ ಈ ಊರಿನಲ್ಲಿ ಏನಾದರೂ ವ್ಯತ್ಯಾಸವಾಯಿತೆಂದು ಇದುವರೆಗೆ ಗಮನಿಸಿದವರು, ಯೋಚಿಸಿ ನೋಡಿದರೆ, ಮಾವನವರೊಬ್ಬರೇ.

ಗ್ಯಾರೇಜು ಫಲ ಕೊಡತೊಡಗಿತು. ಮೂರನೆಯ ಇನ್ನಿಂಗ್‌ನಲ್ಲಿ ಹೂಲಿಯೊ ರೊಡ್ರಿಗೆಜ್ ಹೋಮ್ ರನ್, 2–1. ಐದನೆಯದರಲ್ಲಿ ನಮ್ಮ ಡಂಪರ್ ಹೋಮ್ ರನ್, 3–1. ಒಳಗಿನಿಂದ ಬಾಗಿಲು ಎರಡು ಬೆರಳಿನಷ್ಟು ತೆರೆದು ಒಂದು ಕೈ ಕೋಡುಬಳೆಯ ತಟ್ಟೆಯನ್ನು ಇರಿಸಿ ಹಿಂದೆ ಸರಿಯಿತು. ಹೊರಗೆ ಕತ್ತಲಾಗಿತ್ತು. ಏಳನೆಯ ಇನ್ನಿಂಗ್ ಬಂದಾಗ ಒಳಗೆ ವಾಗ್ವಾದ ಕೇಳಿಸಿತು.

"ಮನೆ ಯಜಮಾನರಿಲ್ದೆ ಲಕ್ಷ್ಮಿಗೆ ಆರತಿ ಎತ್ತೋದು ಹೇಗಪ್ಪಾ? ಅಮ್ಮ ಆಗಲೇ ತಟ್ಟೆ ಹಿಡ್ಕೊಂಡಿದ್ದಾರೆ."

"ಇನ್ನು ಎಂಟೇ ಎಂಟು ಔಟ್ ಕಣಮ್ಮಾ, ಲಕ್ಷ್ಮಿ ಏನೂ ಅಂದ್ಕೊಳ್ಳಲ್ಲ."

"ಲಕ್ಷ್ಮಿ ಅಂದ್ಕೊಳ್ಳಲ್ಲ, ಅಮ್ಮ ಅಂದ್ಕೋತಾರೆ. ರೀ, ಬನ್ರೀ ಒಳಗೆ!"

ನಾನು ರೇಡಿಯೊ ಆರಿಸಿ, ಕಾರಿನಿಂದಿಳಿದು, ಕೈಕಾಲು ತೊಳೆದ ಶಾಸ್ತ್ರಕ್ಕೆ ಗ್ಯಾರೇಜಿನ ನಲ್ಲಿಯಲ್ಲಿ ಬೆರಳು ನೆನೆಸಿ, ಬಾಗಿಲು ತೆರೆದೆ. ಬಲಗಾಲನ್ನೇ ಮುಂದಿಟ್ಟೆನೆಂದು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಟಿ.ವಿ.ಯಲ್ಲಿ ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಬ್ಯಾಟ್ ಎತ್ತಿ ನಿಂತಿದ್ದ. ಅವನ ತಂಡದ ಇಬ್ಬರು ಬೇಸ್‌ಗಳ ಮೇಲಿದ್ದರು. ಮಾವನವರು ತಿರುಗಿ ನನ್ನನ್ನು ನೋಡಿದರು, ಅವನು ಚೆಂಡನ್ನು ಹೊಡೆದ. ನಾನು ಹೊಸ್ತಿಲು ದಾಟಿದೆ, ಚೆಂಡು ಗೋಡೆ ದಾಟಿತು. ಒಂದೇಟಿಗೆ ಮೂರು ರನ್, 4–3. ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಅಬ್ಬರಿಸಿದ್ದನ್ನು ಕೇಳಿದ ಅತ್ತೆಯವರು ಅದನ್ನು ಶುಭಸೂಚನೆಯೆಂದು ತಿಳಿದು, ಗಂಟೆ ಬಾರಿಸಿ ಆರತಿ ಎತ್ತಿಯೇಬಿಟ್ಟರು. 'ಭಾಗ್ಯದ ಲಕ್ಷ್ಮೀ ಬಾರಮ್ಮಾ' ಎಂದು ಅವರು ಹಾಡುತ್ತಿರುವಾಗ ಮಾವನವರು ಕಣ್ಣು ಮುಚ್ಚಿ, ಮಂಗಳಾರತಿಯನ್ನು ತೆಗೆದುಕೊಳ್ಳುವುದಕ್ಕೂ ಮೊದಲು ಜೇಬಿನಿಂದ ಕೆಂಪು ಪೆನ್ನನ್ನು ತೆಗೆದರು.

ಒಂಬತ್ತನೆಯ ಇನ್ನಿಂಗ್‌ನಲ್ಲಿ ಟೊರಾಂಟೊದ ಪಿಚರ್ ನಮ್ಮ ಮೂವರನ್ನು ಸಾಲಾಗಿ ಔಟ್ ಮಾಡಿದ. ತನ್ನ ಸರದಿಗಾಗಿ ಕಾಯುತ್ತ ನಿಂತಿದ್ದ ಡಂಪರ್ ನಿಂತೇ ಇದ್ದ.

ಆದರೆ ನಾನು ಸುಮ್ಮನಿರುವವನಲ್ಲ. ಮಲಗುವ ಮುನ್ನ ನನಗೊಂದು ವಾದ ಹೊಳೆಯಿತು. ನಮ್ಮ ಟಿ.ವಿ.ಗೆ ಪಂದ್ಯ ಬರುವುದು ಅಂತರ್ಜಾಲದ ಮೂಲಕ. ಅದು ರೇಡಿಯೊಗಿಂತ ಸುಮಾರು ಅರ್ಧ ನಿಮಿಷ ಹಿಂದೆ ಇರುತ್ತದೆಂಬುದನ್ನು ನಾನು ಬೇಸಿಗೆಯಿಡೀ ಗಮನಿಸಿದ್ದೆ. ಆದ್ದರಿಂದ ನಾನು ಹೊಸ್ತಿಲು ದಾಟಿದ ಕ್ಷಣದಲ್ಲಿ ಟೊರಾಂಟೊದಲ್ಲಿ ಆ ಚೆಂಡು ಎಂದೋ ಪ್ರೇಕ್ಷಕರ ಮಧ್ಯೆ ಬಿದ್ದಾಗಿತ್ತು. ಕಾರ್ಯವು ಮೊದಲಾಗಿ ಕಾರಣವು ಆಮೇಲೆ ಬರುವುದು ಯಾವ ಶಾಸ್ತ್ರಕ್ಕೂ ಒಪ್ಪಿಗೆಯಿಲ್ಲ. ಹಣತೆಗಳು ಆರುತ್ತಿದ್ದ ಜಗುಲಿಯಲ್ಲಿ ಒಬ್ಬರೇ ಕುಳಿತಿದ್ದ ಮಾವನವರ ಮುಂದೆ ಇದನ್ನು ಕೈ ಬೆರಳು ಮಡಿಸುತ್ತ, ವಕೀಲನಂತೆ ಮಂಡಿಸಿದೆ. ಅವರು ಪೂರ್ತಿಯಾಗಿ ಕೇಳಿಸಿಕೊಂಡರು. ತಲೆಯನ್ನೂ ಆಡಿಸಿದರು. ಆಮೇಲೆ ಅತ್ಯಂತ ಮೃದುವಾಗಿ ಒಂದೇ ಪ್ರಶ್ನೆ ಕೇಳಿದರು.

"ಸರಿ. ನೀವು ಕಾರಿಂದ ಇಳಿದು ಬಾಗಿಲಿಗೆ ಬರೋಕೆ ಎಷ್ಟು ಹೊತ್ತು ಹಿಡೀತು?"

ನಾನು ಉತ್ತರಿಸಲಿಲ್ಲ. ನಲ್ಲಿಯಲ್ಲಿ ಬೆರಳು ನೆನೆಸಿದ್ದನ್ನೂ ಸೇರಿಸಿದರೆ ಅದು ಸುಮಾರು ಅರ್ಧ ನಿಮಿಷವೇ.

ಮಾವನವರೂ ಅತ್ತೆಯವರೂ ತಿಂಗಳ ಕೊನೆಗೆ ಹೊರಟರು. ನವೆಂಬರ್ 1ರಂದು, ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದಲ್ಲಿ ಅದೇ ಟೊರಾಂಟೊ ಲಾಸ್ ಏಂಜಲೀಸ್ ವಿರುದ್ಧ ಆಡುತ್ತಿತ್ತು. ಮನೆಯಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ನನ್ನಲ್ಲಿದ್ದ ಒಂದು ನೀಲಿ ಅಂಗಿಯನ್ನು ತೊಟ್ಟು, ಟಿ.ವಿ.ಯ ನಟ್ಟನಡುವೆ ಎದುರಾಗಿ ಕುಳಿತು, ಮೊದಲ ಚೆಂಡಿನಿಂದ ಟೊರಾಂಟೊವನ್ನು ಬಾಯಿಬಿಟ್ಟು ಬೆಂಬಲಿಸಿದೆ. ಒಂಬತ್ತನೆಯ ಇನ್ನಿಂಗ್‌ನಲ್ಲಿ ಗೆಲುವಿಗೆ ಎರಡೇ ಔಟ್ ಬಾಕಿಯಿದ್ದಾಗ ಲಾಸ್ ಏಂಜಲೀಸ್ ಹೋಮ್ ರನ್ ಹೊಡೆದು ಸಮ ಮಾಡಿಕೊಂಡಿತು. ಹನ್ನೊಂದನೆಯದರಲ್ಲಿ ಇನ್ನೊಂದು ಹೊಡೆದು 5–4ರಿಂದ ಗೆದ್ದಿತು. ಮೈಸೂರಿನಲ್ಲಿ ಭಾನುವಾರದ ತಿಂಡಿಯ ಹೊತ್ತು. ಎರಡನೆಯ ರಿಂಗಿಗೇ ಮಾವನವರು ಫೋನ್ ಎತ್ತಿ, ಹಲೋ ಎನ್ನದೆ, "ಎಲ್ಲಿ ಕೂತಿದ್ರಿ?" ಎಂದರು.

ನಿನ್ನೆ ಬಂದ ಪುಟದ ಕೊನೆಯ ಸಾಲು ಅದೇ: 'ಟೊರಾಂಟೊ ಸೋಲು. ಸ್ಥಳ: ಟಿ.ವಿ. ಮುಂದೆ, ನೀಲಿ ಅಂಗಿಯಲ್ಲಿ.' ಅದರ ಕೆಳಗಿನ ಷರಾವನ್ನು ಆಗಲೇ ಹೇಳಿದ್ದೇನೆ. ಮಧ್ಯಾಹ್ನ ಗುಂಪಿಗೆ ಇನ್ನೊಂದು ಸಂದೇಶ ಬಂತು, ಸರ್ಕಾರಿ ಸುತ್ತೋಲೆಯ ಧಾಟಿಯಲ್ಲಿ: ಮುಂದಿನ ಮಾರ್ಚ್‌ನಿಂದ ಅಳಿಯಂದಿರು ಎದುರಾಳಿ ತಂಡಗಳನ್ನು, ಅದರಲ್ಲೂ ಮುಖ್ಯವಾಗಿ ಹ್ಯೂಸ್ಟನ್ ತಂಡವನ್ನು ಮನಃಪೂರ್ವಕವಾಗಿ ಬೆಂಬಲಿಸತಕ್ಕದ್ದು, ಬಾಯಿಮಾತಿನ ಬೆಂಬಲವನ್ನು ಪರಿಗಣಿಸಲಾಗುವುದಿಲ್ಲ. ಹತ್ತೊಂಬತ್ತು ಹೆಬ್ಬೆರಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಹ್ಯೂಸ್ಟನ್ ತಂಡದ ಕಿತ್ತಳೆ ಬಣ್ಣದ ಟೊಪ್ಪಿಯೊಂದನ್ನು ಹುಡುಕಿ ಬುಟ್ಟಿಗೆ ಹಾಕಿದೆ. ಇಷ್ಟು ಬರೆಯುವ ಹೊತ್ತಿಗೂ ಅದು ಬುಟ್ಟಿಯಲ್ಲೇ ಇದೆ. ದುಡ್ಡು ಕಟ್ಟಲು ಕೈ ಬರುತ್ತಿಲ್ಲ.